ಮಾತ್ರೆಯಿಲ್ಲದೆ ಎಡಿಎಚ್‌ಡಿ: ಯಾವ ತೊಡಕಿಗೆ ಯಾವ ಉಪಾಯ

ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವವರ ಮೇಜಿನ ಡ್ರಾಯರ್ ಎಳೆದರೆ ಮೂರ್ನಾಲ್ಕು ಡೈರಿಗಳಾದರೂ ಸಿಗುತ್ತವೆ. ಪ್ರತಿಯೊಂದರಲ್ಲೂ ಮೊದಲ ಹತ್ತು ಹದಿನೈದು ಪುಟ ಮಾತ್ರ ತುಂಬಿರುತ್ತದೆ, ಆಮೇಲೆ ಬರೀ ಖಾಲಿ ಹಾಳೆ. ಫೋನಿನಲ್ಲಿ ನಾಲ್ಕೈದು ಟು-ಡು ಆ್ಯಪ್‌ಗಳು ಧೂಳು ಹಿಡಿದು ಕೂತಿರುತ್ತವೆ. ನೋಡಿದವರು ಆರಂಭಶೂರತನ ಎಂದು ಬಯ್ಯುತ್ತಾರೆ. ಆದರೆ ಡೈರಿ ಯಾಕೆ ಬೇಕು, ಅದರಲ್ಲಿ ಏನು ಬರೆಯಬೇಕು ಎಂಬುದೆಲ್ಲ ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದದ್ದು ಬೇಕಾದ ಗಳಿಗೆಯಲ್ಲಿ ನೆನಪಿಗೆ ಬಂದು ಕೈಕಾಲು ಆಡಿಸುವುದಿಲ್ಲ, ಅಷ್ಟೇ. ಆದ್ದರಿಂದ ಕೆಳಗೆ ಹೋಲಿಸಿರುವ ಪ್ರತಿಯೊಂದು ಉಪಾಯವನ್ನೂ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಕೆಲಸ ಆಗಬೇಕಾದ ಜಾಗದಲ್ಲಿ, ಆಗಬೇಕಾದ ಹೊತ್ತಿಗೆ, ಇದು ತಾನಾಗಿ ಎದುರು ಬಂದು ನಿಲ್ಲುತ್ತದೆಯೇ, ಇಲ್ಲವೇ ಇದನ್ನೂ ನೆನಪಿಟ್ಟುಕೊಂಡು ಹುಡುಕಬೇಕೇ?

ಮೊದಲಿಗೆ ಮಾತ್ರೆಯ ವಿಷಯ

ಗಮನ ಚದುರುವುದು, ಚಡಪಡಿಕೆ, ಮುಂದಾಲೋಚನೆ ಇಲ್ಲದೆ ನುಗ್ಗುವುದು: ಈ ಮೂಲ ಲಕ್ಷಣಗಳ ಮೇಲೆ, ಕನಿಷ್ಠ ಮೊದಲ ಕೆಲವು ತಿಂಗಳಲ್ಲಿ, ಔಷಧಿಯಷ್ಟು ಜೋರಾಗಿ ಕೆಲಸ ಮಾಡುವುದು ಬೇರೊಂದಿಲ್ಲ. ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆದು 1999ರಲ್ಲಿ ಪ್ರಕಟವಾದ ಎಂಟಿಎ ಅಧ್ಯಯನದಲ್ಲಿ ಎಚ್ಚರಿಕೆಯಿಂದ ಕೊಟ್ಟ ಔಷಧಿ, ಬರೀ ವರ್ತನಾ ಚಿಕಿತ್ಸೆಗಿಂತ ಮೂಲ ಲಕ್ಷಣಗಳನ್ನು ಹೆಚ್ಚು ತಗ್ಗಿಸಿತು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಆ ಅಂತರ ಉಳಿದಿರಲಿಲ್ಲ ಎಂಬುದೂ ಅದೇ ಅಧ್ಯಯನದ ಮುಂದುವರಿಕೆಯಲ್ಲಿ ಕಂಡಿತು. ಅಡ್ಡಪರಿಣಾಮ, ರಕ್ತದೊತ್ತಡ, ಗರ್ಭಿಣಿಯಾಗಿರುವುದು, ಅಥವಾ ಸುಮ್ಮನೆ ಬೇಡವೆನಿಸುವುದು, ಮಾತ್ರೆಯಿಂದ ದೂರವಿರಲು ಕಾರಣ ಏನೇ ಇರಬಹುದು. ಮಾತ್ರೆ ತೆಗೆದುಕೊಳ್ಳುವವರಿಗೂ ಸಂಜೆ ಅದರ ಬಲ ಇಳಿದ ಮೇಲೆ ಈ ಉಪಾಯಗಳೇ ಗತಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಇನ್ನೊಂದು ಮಾತು. ರೋಗನಿರ್ಣಯಕ್ಕೆ ವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿಯ ಪ್ರಕಾರ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಮೂವತ್ತೈದರ ತನಕ ಇಲ್ಲದ ಮರೆವು ಕಳೆದ ವರ್ಷ ಶುರುವಾಗಿದ್ದರೆ ಥೈರಾಯ್ಡ್, ಕಬ್ಬಿಣಾಂಶದ ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವುಗಳನ್ನು ಮೊದಲು ನೋಡಿಸಿ. ಟೈಮರ್ ಇಟ್ಟು ಥೈರಾಯ್ಡ್ ಸರಿಮಾಡಲಾಗದು.

ಒಂದು ವಾರದ ಲೆಕ್ಕ

ಉಪಾಯ ಆರಿಸುವ ಮುನ್ನ ಏಳು ದಿನ ಒಂದು ಹಾಳೆ ಇಟ್ಟುಕೊಳ್ಳಿ. ಕೆಲಸ ಕೆಟ್ಟಾಗಲೆಲ್ಲ ಒಂದು ಗೀಟು ಎಳೆಯಿರಿ, ಐದು ಕಾಲಂಗಳ ಪೈಕಿ ಒಂದರಲ್ಲಿ: ಮರೆತೇ ಹೋಯಿತು; ಹೊತ್ತು ಹೋದದ್ದು ಗೊತ್ತಾಗಲಿಲ್ಲ; ಶುರು ಮಾಡಲಾಗಲಿಲ್ಲ; ಮಾಡುತ್ತಿದ್ದದ್ದನ್ನು ನಿಲ್ಲಿಸಲಾಗಲಿಲ್ಲ; ಸಿಟ್ಟೋ ಬೇಸರವೋ ಉಕ್ಕಿ ಕೆಟ್ಟಿತು. ಕಥೆ ಬರೆಯಲು ಹೋಗಬೇಡಿ, ಎರಡನೇ ದಿನಕ್ಕೇ ಹಾಳೆ ಮೂಲೆ ಸೇರುತ್ತದೆ. ಗೀಟು ಸಾಕು. ವಾರದ ಕೊನೆಗೆ ಯಾವ ಕಾಲಂ ಉದ್ದವಾಗಿದೆಯೋ ಅದಕ್ಕೆ ಮಾತ್ರ ಒಂದು ಉಪಾಯ ಆರಿಸಿ ಎರಡು ವಾರ ನಡೆಸಿ. ಒಟ್ಟಿಗೆ ಐದು ಹಿಡಿದವರು ಮೂರನೇ ದಿನ ಐದನ್ನೂ ಬಿಡುತ್ತಾರೆ. ಶುರು ಮಾಡಲಾಗದವರು ಒಳ್ಳೆಯ ಡೈರಿ ಕೊಳ್ಳುವುದು, ಹೊತ್ತು ತಿಳಿಯದವರು ಧ್ಯಾನಕ್ಕೆ ಕೂರುವುದು, ಇಂಥ ತಾಳೆಯಾಗದ ಜೋಡಿಗಳೇ ಹೆಚ್ಚು ಸೋಲು ತರುವುದು.

ಮರೆವಿಗೆ: ಫೋನೋ, ಕಾಗದವೋ, ಗೋಡೆಯೋ?

ಹೊತ್ತಿಗೆ ಸರಿಯಾಗಿ ಕೂಗಿ ಕರೆಯುವುದು ಫೋನ್ ಒಂದೇ. ಅದರ ದೊಡ್ಡ ದೋಷವೂ ಅಲ್ಲೇ ಇದೆ. ಅಲಾರಂ ಆರಿಸಲು ಎತ್ತಿಕೊಂಡ ಫೋನು ಇಪ್ಪತ್ತು ನಿಮಿಷ ಕೈಬಿಡುವುದಿಲ್ಲ. ಕೆಲವು ದಿನ ಕಳೆದರೆ ಬೆರಳು ತಾನಾಗಿಯೇ ಅಲಾರಂ ಒರೆಸಿಹಾಕಲು ಕಲಿಯುತ್ತದೆ; ಆರಿಸಿದ್ದು ನಿಮಗೇ ನೆನಪಿರುವುದಿಲ್ಲ. ಇದಕ್ಕೆ ಮೂರು ತಿದ್ದುಪಡಿ ಇವೆ. ಅಲಾರಂನ ಹೆಸರು ಕ್ರಿಯಾಪದದಲ್ಲಿ ಮುಗಿಯಲಿ: ‘ಮೀಟಿಂಗ್’ ಎಂದು ಬರೆದರೆ ಮೆದುಳು ಹೂಂ ಅಂದು ಸುಮ್ಮನಾಗುತ್ತದೆ, ‘ಎದ್ದು ಚಪ್ಪಲಿ ಹಾಕು’ ಎಂದು ಬರೆದರೆ ಕಾಲಿಗೆ ಕೆಲಸ ಸಿಗುತ್ತದೆ. ಹೊರಡುವ ಕೆಲಸಕ್ಕೆ ಎರಡು ಅಲಾರಂ ಇಡಿ, ಕೈಲಿರುವುದನ್ನು ಮುಗಿಸಲು 15 ನಿಮಿಷ ಮೊದಲು ಒಂದು, ಎದ್ದು ಹೊರಡಲು ಇನ್ನೊಂದು. ಮತ್ತು ಎದ್ದು ನಿಲ್ಲುವ ತನಕ ಆರಿಸುವುದಿಲ್ಲ ಎಂಬ ನಿಯಮ. ಫೋನನ್ನು ಕೋಣೆಯ ಆಚೆ ಬದಿಗೆ ಇಟ್ಟರೆ ನಿಯಮ ತಾನಾಗಿ ಪಾಲನೆಯಾಗುತ್ತದೆ. ದಿನಕ್ಕೆ ಇಪ್ಪತ್ತು ಅಲಾರಂ ಇಟ್ಟವರಿಗೆ ಒಂದೂ ಕೇಳಿಸದು. ಐದಾರು ಮೀರಬಾರದು.

ಕಾಗದ ಎಲ್ಲಿಗೂ ಎಳೆದೊಯ್ಯುವುದಿಲ್ಲ, ಯೋಚನೆಗೂ ಒಳ್ಳೆಯದು. ಆದರೆ ಅದು ಬಾಯಿಲ್ಲದ ಪ್ರಾಣಿ, ತೆರೆದು ನೋಡಿದರೆ ಮಾತ್ರ ಇದೆ. ಎಲ್ಲಕ್ಕೂ ಒಂದೇ ಪುಸ್ತಕವಿರಲಿ, ಎರಡನೆಯದು ಬಂದ ದಿನವೇ ‘ಯಾವುದರಲ್ಲಿ ಬರೆದೆ’ ಎಂಬ ಹುಡುಕಾಟ ಶುರು. ಇವತ್ತಿನ ಪುಟದ ಮೇಲ್ಭಾಗದಲ್ಲಿ ಮೂರು ಕೆಲಸ, ಮೂರೇ. ಪುಟದ ಕೆಳಗಿನ ಮೂರನೇ ಒಂದು ಭಾಗ ಗೆರೆ ಎಳೆದು ಖಾಲಿ ಬಿಡಿ; ಕೆಲಸದ ನಡುವೆ ತಲೆಗೆ ಬರುವ ‘ಅಯ್ಯೋ, ಬಿಲ್ ಕಟ್ಟಬೇಕಿತ್ತು’ ಎಂಬಂಥವು ಅಲ್ಲಿಗೆ ಹೋಗುತ್ತವೆ. ಎದ್ದು ಬಿಲ್ ಕಟ್ಟಲು ಹೋದರೆ ಮೊದಲಿನ ಕೆಲಸ ಅಲ್ಲಿಗೇ ಮುಗಿಯಿತು. ಎರಡು ವಾರ ಪುಸ್ತಕ ಮುಟ್ಟದಿದ್ದರೆ ಬಿಟ್ಟ ದಿನಗಳನ್ನು ತುಂಬಲು ಕೂರಬೇಡಿ. ಇವತ್ತಿನ ತಾರೀಕು ಹಾಕಿ ಮುಂದಿನ ಪುಟದಿಂದ ಹೊರಡಿ.

ಗೋಡೆಯ ವೈಟ್‌ಬೋರ್ಡು ಮನೆಯವರೆಲ್ಲ ಹಂಚಿಕೊಳ್ಳುವ ವಿಷಯಗಳಿಗೆ ಸರಿ. ಓಡಾಡುವ ದಾರಿಯಲ್ಲಿ, ಕಣ್ಣಿನ ಎತ್ತರದಲ್ಲಿ ಇರಬೇಕು. ಆದರೂ ಕೆಲವೇ ವಾರಗಳಲ್ಲಿ ಅದು ಗೋಡೆಯೇ ಆಗಿಬಿಡುತ್ತದೆ, ಕಣ್ಣು ಅದರ ಮೇಲೆ ಹಾಯ್ದು ಹೋಗುತ್ತದೆ. ಜಾಗ ಬದಲಿಸಿ, ಪೆನ್ನಿನ ಬಣ್ಣ ಬದಲಿಸಿ, ವಾರಕ್ಕೊಮ್ಮೆ ಪೂರ್ತಿ ಒರೆಸಿ.

ಈ ಮೂರನ್ನೂ ಮೀರಿಸುವ ನಾಲ್ಕನೆಯದೊಂದಿದೆ: ವಸ್ತುವನ್ನೇ ಗುರುತು ಮಾಡುವುದು. ವಾಪಸ್ ಕೊಡಬೇಕಾದ ಪುಸ್ತಕ ಬಾಗಿಲ ಹಿಡಿಕೆಗೆ ನೇತಾಡುವ ಚೀಲದಲ್ಲಿರಲಿ. ನಾಳೆ ಒಯ್ಯಬೇಕಾದ ಊಟದ ಡಬ್ಬಿ ಫ್ರಿಜ್ಜಿನಲ್ಲಿದ್ದರೆ ಗಾಡಿಯ ಕೀಲಿಯೂ ಫ್ರಿಜ್ಜಿನಲ್ಲೇ, ಡಬ್ಬಿಯ ಮೇಲೆ. ನೋಡಿದವರು ನಗಬಹುದು, ಡಬ್ಬಿ ಮರೆಯುವುದಿಲ್ಲ. ಬೇರೆ ಯಾವುದಾದರೂ ಮಾತ್ರೆ ನುಂಗುವವರಿಗೆ ವಾರದ ಏಳು ಖಾನೆಯ ಡಬ್ಬಿ ‘ಇವತ್ತು ನುಂಗಿದೆನೋ ಇಲ್ಲವೋ’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅಲಾರಂ ಅದನ್ನು ಹೇಳಲಾರದು. ಗಡಿಯಾರಕ್ಕೆ ಕಟ್ಟಿದ ಕೆಲಸಕ್ಕೆ ಫೋನ್, ದಿನದ ಯೋಚನೆಗೆ ಕಾಗದ, ದಿನವೂ ಮರಳುವ ಕೆಲಸಕ್ಕೆ ವಸ್ತು ಮತ್ತು ಅದರ ಖಾಯಂ ಜಾಗ, ಹೀಗೆ ಹಂಚಿಕೊಂಡರೆ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಹೊತ್ತು ಜಾರುವವರಿಗೆ

ಡಿಜಿಟಲ್ ಗಡಿಯಾರ ಈಗ ಎಷ್ಟಾಯಿತು ಎಂದು ಹೇಳುತ್ತದೆ, ಇನ್ನೆಷ್ಟು ಉಳಿದಿದೆ ಎಂದು ಹೇಳುವುದಿಲ್ಲ. ಮುಳ್ಳಿನ ಗಡಿಯಾರ ಅದಕ್ಕಿಂತ ಮೇಲು. ಬಣ್ಣದ ಬಿಲ್ಲೆ ಕರಗುತ್ತಾ ಹೋಗುವ ಟೈಮರ್ ಇನ್ನೂ ಮೇಲು, ಏಕೆಂದರೆ ಉಳಿದ ಹೊತ್ತು ಅಲ್ಲಿ ಹರವಾಗಿ ಕಾಣುತ್ತದೆ. ಸ್ನಾನದ ಮನೆ, ಅಡುಗೆಮನೆ, ಮೇಜು, ಹೊತ್ತು ಸೋರುವ ಪ್ರತಿ ಜಾಗದಲ್ಲೂ ಒಂದು ಗಡಿಯಾರ ಬೇಕು. ಒಂದು ಗಡಿಯಾರಕ್ಕಾಗಿ ಕೋಣೆ ದಾಟಬೇಕಾದರೆ ಅದು ಇಲ್ಲದ ಹಾಗೆಯೇ.

ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ರೂಪಿಸಿದ ಪೊಮೊಡೊರೊ ವಿಧಾನ ಎಲ್ಲರ ಬಾಯಲ್ಲೂ ಇದೆ: 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಿಗೊಮ್ಮೆ 15ರಿಂದ 30 ನಿಮಿಷದ ದೊಡ್ಡ ಬಿಡುವು. ಬೇಸರದ, ತುಂಡು ತುಂಡಾಗಿ ಮಾಡಬಹುದಾದ ಕೆಲಸಕ್ಕೆ, ಎಂದರೆ ಇಮೇಲ್, ಲೆಕ್ಕ, ಬಟ್ಟೆ ಮಡಚುವುದು ಇಂಥವಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಎಡಿಎಚ್‌ಡಿಯಲ್ಲಿ ಕೆಲಸದೊಳಕ್ಕೆ ಇಳಿಯಲು ಅರ್ಧ ಜೀವ ಹೋಗಿರುತ್ತದೆ; ಇಳಿದು ಹಿಡಿತ ಸಿಕ್ಕ ಗಳಿಗೆಗೇ ಗಂಟೆ ಬಾರಿಸಿದರೆ ಎಲ್ಲ ನೀರುಪಾಲು. ಬರವಣಿಗೆ, ಕೋಡಿಂಗ್, ವಿನ್ಯಾಸದಂಥ ಕೆಲಸಕ್ಕೆ 45ರಿಂದ 50 ನಿಮಿಷ ಇಟ್ಟು ನೋಡಿ. ಮುಟ್ಟಲೇ ಮನಸ್ಸಾಗದ ಕೆಲಸಕ್ಕೆ ತಿರುಗಾಮುರುಗಾ: 10 ನಿಮಿಷ ಕೆಲಸ, 3 ನಿಮಿಷ ಬಿಡುವು. ಯಾವ ಅಳತೆಯಾದರೂ ಕೆಡುವುದು ಬಿಡುವಿನಲ್ಲೇ. ಬಿಡುವಿನಲ್ಲಿ ಫೋನ್ ಹಿಡಿದರೆ ಐದು ಐವತ್ತಾಗುತ್ತದೆ. ನೀರು ಕುಡಿಯುವುದು, ಮೆಟ್ಟಿಲು ಹತ್ತಿ ಇಳಿಯುವುದು, ಗಿಡಕ್ಕೆ ನೀರು ಹಾಕುವುದು, ತಾನಾಗಿ ಮುಗಿಯುವ ಕೆಲಸವೇ ಬಿಡುವಿಗೆ ಸರಿ.

ಅಂದಾಜು ತಪ್ಪುವವರು ಟೈಮರನ್ನು ಮೇಲಕ್ಕೆ ಎಣಿಸಲು ಬಿಡಲಿ. ‘ಸ್ನಾನ 10 ನಿಮಿಷ’ ಎಂದುಕೊಂಡದ್ದು ನಿಜಕ್ಕೂ 24 ಎಂದು ಮೂರು ಸಲ ಬರೆದುಕೊಂಡರೆ ಮುಂದಿನ ಲೆಕ್ಕ 24ರಿಂದಲೇ ಶುರುವಾಗುತ್ತದೆ. ಹೊರಡುವ ಲೆಕ್ಕವನ್ನು ಹಿಂದುಮುಂದಾಗಿ ಹಾಕಿ: 10:00ಕ್ಕೆ ಅಲ್ಲಿರಬೇಕು, ದಾರಿ 35 ನಿಮಿಷ, ಕೀಲಿ-ಚಪ್ಪಲಿ-ಬಾಗಿಲು 10 ನಿಮಿಷ, ಹಾಗಾದರೆ 9:15ಕ್ಕೆ ಕೈಯಲ್ಲಿ ಏನಿದ್ದರೂ ಕೆಳಗಿಡಬೇಕು. ಈ ಹತ್ತು ನಿಮಿಷವನ್ನು ಲೆಕ್ಕಕ್ಕೆ ಹಿಡಿಯದವರೇ ದಿನವೂ ಹತ್ತು ನಿಮಿಷ ತಡ.

ಶುರುವಾಗದ ಕೆಲಸಕ್ಕೆ

ಇದೇ ಬಹುಮಂದಿಯ ಉದ್ದನೆಯ ಕಾಲಂ. ನಾಲ್ಕು ದಾರಿಗಳಿವೆ, ಬಲದಲ್ಲಿ ಸಮವಲ್ಲ.

ಎಲ್ಲಕ್ಕಿಂತ ಅಗ್ಗದ್ದು ‘ಹೀಗಾದರೆ ಹೀಗೆ’ ಎಂಬ ಯೋಜನೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಎಡಿಎಚ್‌ಡಿ ಇರುವ ಮಕ್ಕಳಲ್ಲೂ ಇದು ಪ್ರಯೋಜನ ತೋರಿದೆ. ‘ಸಂಜೆ ಓದುತ್ತೇನೆ’ ಎಂಬುದು ಬರೀ ಆಸೆ. ‘ಕಾಫಿ ಲೋಟ ತೊಳೆದಿಟ್ಟ ತಕ್ಷಣ ಮೇಜಿನ ದೀಪ ಹಾಕಿ ಮೂರನೇ ಅಧ್ಯಾಯ ತೆರೆಯುತ್ತೇನೆ’ ಎಂಬುದು ಯೋಜನೆ. ಮೊದಲರ್ಧದಲ್ಲಿ ಕಣ್ಣಿಗೆ ಕಾಣುವ, ದಿನವೂ ತಪ್ಪದೆ ಆಗುವ ಘಟನೆ ಇರಬೇಕು. ‘ಬಿಡುವಾದಾಗ’ ಎಂದು ಬರೆದರೆ ಆ ಬಿಡುವು ಬರುವುದೇ ಇಲ್ಲ.

ಎರಡನೆಯದು ಕೆಲಸವನ್ನು ನಾಚಿಕೆಯಾಗುವಷ್ಟು ಸಣ್ಣದಾಗಿಸುವುದು. ತೆರಿಗೆ ಕಾಗದಪತ್ರ ಎಂಬ ಬೆಟ್ಟ ಹತ್ತಲಾಗದು, ಕಡತ ಮೇಜಿನ ಮೇಲೆ ತಂದಿಡುವುದು ಆಗುತ್ತದೆ. ಬರೆದಿಟ್ಟ ಮೊದಲ ಹೆಜ್ಜೆಗೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅದನ್ನು ಇನ್ನೂ ಒಡೆಯಿರಿ.

ಮೂರನೆಯದು ಜೊತೆಗೊಬ್ಬರು ಕೂರುವುದು. ಅವರು ಸಹಾಯ ಮಾಡಬೇಕಿಲ್ಲ, ತಮ್ಮ ಕೆಲಸ ತಾವು ಮಾಡುತ್ತಾ ಪಕ್ಕದಲ್ಲಿದ್ದರೆ ಸಾಕು. ಇದರ ಬಗ್ಗೆ ಗಟ್ಟಿ ಪ್ರಯೋಗಗಳು ಕಡಿಮೆ, ಆದರೆ ಎಡಿಎಚ್‌ಡಿ ಇರುವವರು ಬೇರೆಲ್ಲ ಬಿಟ್ಟರೂ ಇದನ್ನು ಬಿಡದಿರುವುದನ್ನು ನೋಡಿದರೆ ಪಟ್ಟಿಯಲ್ಲಿ ಮೇಲಕ್ಕೆ ಇಡಲೇಬೇಕು. ಎದುರಿಗೆ ಕೂತರೆ ಅತಿ ಬಲ; ವಿಡಿಯೊ ಕರೆ, ಮೈಕ್ ಮುಚ್ಚಿ, ಕ್ಯಾಮೆರಾ ತೆರೆದು, ಅದರ ನಂತರದ್ದು; ಬರೀ ‘ಈಗ ಶುರು ಮಾಡಿದೆ’ ಎಂಬ ಮೆಸೇಜು ಎಲ್ಲಕ್ಕಿಂತ ಸಪ್ಪೆ. ನಡೆಸುವ ಕ್ರಮ ಹೀಗೆ: ಮೊದಲ ಎರಡು ನಿಮಿಷದಲ್ಲಿ ಇಬ್ಬರೂ ಮಾಡಲಿರುವುದನ್ನು ಒಂದೊಂದು ವಾಕ್ಯದಲ್ಲಿ ಹೇಳುವುದು, 50 ನಿಮಿಷ ಮೌನ, ಕೊನೆಗೆ ಎಷ್ಟಾಯಿತು ಎಂದು ಒಂದು ವಾಕ್ಯ. ಮಾತುಗಾರ ಗೆಳೆಯ ಇದಕ್ಕೆ ಆಗಿಬರುವುದಿಲ್ಲ. ಗಂಡನೋ ಹೆಂಡತಿಯೋ ಅಮ್ಮನೋ ಪಕ್ಕದಲ್ಲಿ ಕೂತಾಗ ‘ಇನ್ನೂ ಮುಗಿದಿಲ್ವಾ?’ ಎಂಬ ಮಾತು ಬಂದರೆ ಜೊತೆಗಾರ ಮೇಲ್ವಿಚಾರಕನಾದ ಎಂದರ್ಥ, ಬೇರೆಯವರನ್ನು ಹುಡುಕಿ.

ನಾಲ್ಕನೆಯದು ಬಹುಮಾನ ಮತ್ತು ದಂಡ. ಎಡಿಎಚ್‌ಡಿಯಲ್ಲಿ ದೂರದ ಫಲದ ಬೆಲೆ ಬೇಗ ಕುಸಿಯುತ್ತದೆ, ಹಾಗಾಗಿ ತಿಂಗಳ ಕೊನೆಯ ದೊಡ್ಡ ಉಡುಗೊರೆಗಿಂತ ಈಗಲೇ ಸಿಗುವ ಸಣ್ಣ ಸುಖ ವಾಸಿ. ಇಷ್ಟದ ಪಾಡ್‌ಕಾಸ್ಟ್ ಪಾತ್ರೆ ತೊಳೆಯುವಾಗ ಮಾತ್ರ ಕೇಳುವುದು ಎಂಬಂಥ ಜೋಡಣೆ ಒಳ್ಳೆಯದು, ಬಹುಮಾನವೂ ಕೆಲಸವೂ ಒಂದೇ ಹೊತ್ತಿಗೆ ನಡೆಯುತ್ತವೆ. ದಂಡ ಕಟ್ಟುವ ಪಂಥಗಳನ್ನು ನಾವು ಸೂಚಿಸುವುದಿಲ್ಲ: ಸೋತ ಮೇಲೆ ಬರುವ ನಾಚಿಕೆ ಆ ಕೆಲಸದಿಂದ ಇನ್ನಷ್ಟು ದೂರ ಓಡಿಸುತ್ತದೆ.

ಜಾಗ ಮತ್ತು ಸದ್ದು

ಫೋನ್ ತಡೆಯಲು ಆ್ಯಪ್ ಬ್ಲಾಕರ್ ಮತ್ತು ಪಕ್ಕದ ಕೋಣೆ, ಇವೆರಡರಲ್ಲಿ ಪಕ್ಕದ ಕೋಣೆಯೇ ಗೆಲ್ಲುತ್ತದೆ. ಬ್ಲಾಕರನ್ನು ಹಾಕಿದವರಿಗೆ ತೆಗೆಯಲೂ ಬರುತ್ತದೆ. ಬಳಸಲೇಬೇಕಾದರೆ ಪಾಸ್‌ವರ್ಡ್ ಇನ್ನೊಬ್ಬರ ಬಳಿ ಇರಲಿ. ಒಂದೇ ಹದದ ಹಿನ್ನೆಲೆ ಸದ್ದು, ಫ್ಯಾನಿನ ಸದ್ದಿನಂಥದ್ದು, ಎಡಿಎಚ್‌ಡಿ ಇರುವ ಮಕ್ಕಳು ಮತ್ತು ಯುವಜನರ ಗಮನಕ್ಕೆ ಸ್ವಲ್ಪ ನೆರವಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಎಡಿಎಚ್‌ಡಿ ಇಲ್ಲದವರಿಗೆ ಅದೇ ಸದ್ದು ತೊಡಕಾಗಬಹುದು, ಆದ್ದರಿಂದ ಇಯರ್‌ಫೋನ್. ಓದುವಾಗ, ಬರೆಯುವಾಗ ಸಾಹಿತ್ಯವಿರುವ ಹಾಡು ಬೇಡ. ನೆಲ ಒರೆಸುವಾಗ ಅದೇ ಹಾಡು ವರ.

ನಿದ್ದೆ ಮೊದಲೋ, ವ್ಯಾಯಾಮ ಮೊದಲೋ?

ಏಳು ಗಂಟೆಗಿಂತ ಕಡಿಮೆ ಮಲಗುತ್ತಿದ್ದರೆ ನಿದ್ದೆಯೇ ಮೊದಲು, ಈ ಬರಹದ ಉಳಿದದ್ದೆಲ್ಲ ಆಮೇಲೆ. ಎಡಿಎಚ್‌ಡಿ ಇರುವ ಅನೇಕರ ದೇಹದ ಗಡಿಯಾರ ತಡವಾಗಿ ಓಡುತ್ತದೆ, ರಾತ್ರಿ ಹನ್ನೊಂದಕ್ಕೆ ತಲೆ ಚುರುಕಾಗುತ್ತದೆ. ಇಂಥವರಿಗೆ ‘ಬೇಗ ಮಲಗಿ’ ಎಂದರೆ ಫಲವಿಲ್ಲ. ಮಲಗುವ ಹೊತ್ತು ಕೈಲಿಲ್ಲ, ಏಳುವ ಹೊತ್ತು ಕೈಲಿದೆ. ರಜೆಯ ದಿನವೂ ಸೇರಿ ಒಂದೇ ಹೊತ್ತಿಗೆ ಎದ್ದು, ಮೊದಲ ಒಂದು ಗಂಟೆಯೊಳಗೆ 20ರಿಂದ 30 ನಿಮಿಷ ಹೊರಗಿನ ಬೆಳಕಿನಲ್ಲಿರಿ. ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆ ಕಳೆದರೂ ಒಳಗೇ ಇರುತ್ತದೆ, ಆದ್ದರಿಂದ ಮಧ್ಯಾಹ್ನದ ನಂತರ ಕಾಫಿ ಬೇಡ. ರಾತ್ರಿಯ ಅಲಾರಂ ‘ಮಲಗು’ ಎನ್ನಬಾರದು, ‘ಫೋನ್ ಚಾರ್ಜಿಗೆ ಹಾಕು, ಹಲ್ಲುಜ್ಜು’ ಎನ್ನಬೇಕು, ಮತ್ತು ಚಾರ್ಜರ್ ಮಂಚದಿಂದ ದೂರವಿರಬೇಕು.

ವ್ಯಾಯಾಮಕ್ಕೆ ಎರಡು ಬಗೆಯ ಲಾಭವಿದೆ. ಒಂದು ನಿಧಾನದ್ದು, ವಾರಗಟ್ಟಲೆ ಮಾಡಿದರೆ ಬರುವುದು. ಇನ್ನೊಂದು ಅಂದಂದಿನದು: 20 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎಂಬಷ್ಟು ಏದುಸಿರಿನ ಓಟ ಅಥವಾ ಚುರುಕು ನಡಿಗೆ, ಆಮೇಲಿನ ಸ್ವಲ್ಪ ಹೊತ್ತು ಗಮನವನ್ನು ಬಿಗಿಗೊಳಿಸುತ್ತದೆ. ಹಾಗಾಗಿ ಅದನ್ನು ಅತಿ ಕಷ್ಟದ ಕೆಲಸದ ಹಿಂದಿನ ಗಂಟೆಗೆ ಕಟ್ಟಿ. ಸಂಜೆ ಜಿಮ್ಮಿಗೆ ಹೋಗಿ ಬೆಳಗಿನ ಕಚೇರಿ ಕೆಲಸಕ್ಕೆ ಲಾಭ ಹುಡುಕಿದರೆ ಸಿಗದು.

ಹಣ ಕೊಟ್ಟು ಪಡೆಯುವ ನೆರವು

ವಯಸ್ಕರಿಗೆ ಪುರಾವೆ ಗಟ್ಟಿಯಾಗಿರುವುದು ಎಡಿಎಚ್‌ಡಿಗೆಂದೇ ರೂಪಿಸಿದ ಸಿಬಿಟಿಗೆ, ಎಂದರೆ ಯೋಚನೆ ಮತ್ತು ನಡವಳಿಕೆಯ ರೂಢಿ ಬದಲಿಸುವ ಮಾತಿನ ಚಿಕಿತ್ಸೆಗೆ. 2010ರಲ್ಲಿ ಎರಡು ಮುಖ್ಯ ಪ್ರಯೋಗಗಳು ಬಂದವು. ಸ್ಟೀವನ್ ಸ್ಯಾಫ್ರೆನ್ ತಂಡ 86 ಮಂದಿಗೆ ಒಬ್ಬೊಬ್ಬರಾಗಿ ನಡೆಸಿದ್ದು, ಇವರೆಲ್ಲ ಔಷಧಿ ತೆಗೆದುಕೊಳ್ಳುತ್ತಲೇ ತೊಂದರೆ ಉಳಿದವರು. ಮೇರಿ ಸೊಲಾಂಟೊ ತಂಡ 88 ಮಂದಿಗೆ ಗುಂಪಿನಲ್ಲಿ 12 ವಾರ ನಡೆಸಿದ್ದು. ಎರಡರಲ್ಲೂ ಹೋಲಿಕೆಯ ಗುಂಪಿಗಿಂತ ಹೆಚ್ಚು ಸುಧಾರಣೆ ಕಂಡಿತು. ಚಿಕಿತ್ಸಕರನ್ನು ಮೊದಲ ಭೇಟಿಯಲ್ಲೇ ಕೇಳಿ: ಕ್ಯಾಲೆಂಡರ್ ಬಳಕೆ, ಕೆಲಸ ಒಡೆಯುವುದು, ಮುಂದೂಡುವಿಕೆ ಇವುಗಳ ಮೇಲೆ ಪ್ರತಿ ವಾರ ಅಭ್ಯಾಸ ಕೊಡುತ್ತೀರಾ? ಬರೀ ಬಾಲ್ಯದ ಬಗ್ಗೆ ಮಾತಾಡುವ ಚಿಕಿತ್ಸೆ ಬೇರೆ ಕಾರಣಕ್ಕೆ ಒಳ್ಳೆಯದಿರಬಹುದು, ಮೇಜಿನ ಮೇಲಿನ ಕಡತ ಅದರಿಂದ ಅಲುಗದು.

ಕೋಚ್ ಎಂದರೆ ದಿನನಿತ್ಯದ ಹೊಣೆಗೆ ಸಂಗಾತಿ. ಶುರು ಮಾಡಲಾಗದವರಿಗೆ ವಾರಕ್ಕೆ ಎರಡು ಸಲ 15 ನಿಮಿಷದ ಕರೆ, ತಿಂಗಳಿಗೊಂದು ಉದ್ದನೆಯ ಸಭೆಗಿಂತ ಮೇಲು. ‘ಕೋಚ್’ ಎಂದು ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು, ಆತಂಕ ಖಿನ್ನತೆ ಜೊತೆಗಿದ್ದರೆ ಅದು ಅವರ ಕೈಯ ಕೆಲಸವೂ ಅಲ್ಲ. ಸಿಟ್ಟು-ಬೇಸರದ ಕಾಲಂ ಉದ್ದವಿದ್ದವರಿಗೆ ಮೈಂಡ್‌ಫುಲ್‌ನೆಸ್, ಎಂದರೆ ಈ ಗಳಿಗೆಯ ಮೇಲೆ ಗಮನವಿಡುವ ಅಭ್ಯಾಸ ನೋಡಬಹುದು. 40 ನಿಮಿಷ ಕಣ್ಮುಚ್ಚಿ ಕೂರುವುದು ಚಡಪಡಿಕೆಯವರಿಗೆ ಶಿಕ್ಷೆ. 5 ನಿಮಿಷದಿಂದ, ನಡೆಯುತ್ತಾ, ಕಾಲಡಿಯ ಸ್ಪರ್ಶ ಗಮನಿಸುತ್ತಾ ಶುರು ಮಾಡಿ. ಶಾಲೆ ಸೇರುವ ಮುಂಚಿನ ಮಕ್ಕಳ ವಿಷಯ ಬೇರೆ: ಅಲ್ಲಿ ಅಪ್ಪ-ಅಮ್ಮನಿಗೆ ಕೊಡುವ ತರಬೇತಿಯೇ ಮೊದಲ ಚಿಕಿತ್ಸೆ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ ಹೇಳುತ್ತದೆ.

ಹಣ ತಡೆಹಿಡಿಯಬಹುದಾದ ಕಡೆ

ಮೆದುಳಿನ ಅಲೆಗಳನ್ನು ಪರದೆಯಲ್ಲಿ ತೋರಿಸಿ ತಿದ್ದಲು ಕಲಿಸುವ ನ್ಯೂರೋಫೀಡ್‌ಬ್ಯಾಕ್‌ಗೆ ವೆಚ್ಚವೂ ಹೆಚ್ಚು, ಸುತ್ತುಗಳೂ ಹೆಚ್ಚು. 144 ಮಕ್ಕಳ ಮೇಲೆ, ನಿಜವಾದದ್ದು ಯಾರಿಗೆ ಹುಸಿಯಾದದ್ದು ಯಾರಿಗೆ ಎಂದು ಯಾರಿಗೂ ತಿಳಿಯದಂತೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡೂ ಗುಂಪು ಸುಧಾರಿಸಿದವು, ಎರಡರ ನಡುವೆ ಹೇಳಿಕೊಳ್ಳುವ ಅಂತರವಿರಲಿಲ್ಲ. ನೆನಪಿನ ಶಕ್ತಿ ಬೆಳೆಸುವ ಆಟಗಳಲ್ಲಿ ಆಟದ ಅಂಕ ಏರುತ್ತದೆ, ಮನೆಯ ಮರೆವು ಹಾಗೇ ಇರುತ್ತದೆ. ಒಮೆಗಾ-3ಕ್ಕೆ ಸಣ್ಣ ಪರಿಣಾಮವಿದೆ, ಔಷಧಿಗೆ ಸಾಟಿಯಲ್ಲ. ಸಕ್ಕರೆ ನಿಲ್ಲಿಸಿದರೆ ಹಲ್ಲಿಗೆ ಒಳ್ಳೆಯದು; ಸಕ್ಕರೆಯಿಂದ ಮಕ್ಕಳ ವರ್ತನೆ ಕೆಡುತ್ತದೆ ಎಂಬುದು ಪ್ರಯೋಗಗಳಲ್ಲಿ ನಿಂತಿಲ್ಲ.

ಉಪಾಯ ಸವೆದಾಗ

ಹೊಸತರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬ ಗಾದೆ ಇಲ್ಲಿ ಬಯ್ಗುಳವಾಗಬೇಕಿಲ್ಲ, ಲೆಕ್ಕಾಚಾರವಾಗಲಿ. ಹೊಸತನ ಇದ್ದಷ್ಟು ದಿನ ಉಪಾಯ ಓಡುತ್ತದೆ, ಆಮೇಲೆ ನಿಧಾನಿಸುತ್ತದೆ. ಆದ್ದರಿಂದ ಶುರು ಮಾಡುವ ದಿನವೇ ಬದಲಿಯೊಂದನ್ನು ಆರಿಸಿಡಿ. ಬಿಲ್ಲೆ ಟೈಮರ್ ಸಪ್ಪೆಯಾದರೆ ಜೊತೆಗಾರ, ಜೊತೆಗಾರ ಊರಿಗೆ ಹೋದರೆ ಹತ್ತು ನಿಮಿಷದ ಸುತ್ತು. ಎರಡು ತಿಂಗಳ ನಂತರ ಹಳೆಯದಕ್ಕೆ ಮರಳಿದರೆ ಅದು ಮತ್ತೆ ಹೊಸದಾಗಿರುತ್ತದೆ. ಬದಲಿಸುವುದು ಹೊರಕವಚವನ್ನು ಮಾತ್ರ. ಕೀಲಿಯ ಜಾಗ, ಏಳುವ ಹೊತ್ತು, ಒಂದೇ ಪುಸ್ತಕ, ಈ ಮೂರನ್ನು ಮುಟ್ಟಬೇಡಿ.

ಎರಡು ಮೂರು ತಿಂಗಳು ಹೀಗೆ ನಡೆಸಿದರೂ ಕೆಲಸ ಕಳೆದುಕೊಳ್ಳುವ ಹಂತ ಬಂದಿದ್ದರೆ, ಗಾಡಿ ಓಡಿಸುವಾಗ ಪದೇ ಪದೇ ಕೂದಲೆಳೆಯಲ್ಲಿ ಪಾರಾಗುತ್ತಿದ್ದರೆ, ಕುಡಿತವೋ ಬೇರೆ ಚಟವೋ ತಲೆಯನ್ನು ತಣ್ಣಗಿಡುವ ಸಾಧನವಾಗಿದ್ದರೆ, ಔಷಧಿಯ ಪ್ರಶ್ನೆಯನ್ನು ಮತ್ತೆ ವೈದ್ಯರ ಮುಂದಿಡಿ. ಬದುಕೇ ಬೇಡ ಎನಿಸಿದರೆ ಕಾಯದೆ ಅದೇ ದಿನ ಹೋಗಿ. ಹೋಗುವಾಗ ಆ ಗೀಟುಗಳ ಹಾಳೆಯನ್ನೂ, ಯಾವ ಉಪಾಯ ಎಷ್ಟು ವಾರ ನಡೆಯಿತು ಎಂಬ ಟಿಪ್ಪಣಿಯನ್ನೂ ಒಯ್ಯಿರಿ. ‘ಗಮನವೇ ನಿಲ್ಲುವುದಿಲ್ಲ ಡಾಕ್ಟ್ರೇ’ ಎಂಬ ಒಂದು ಮಾತಿಗಿಂತ ‘ವಾರಕ್ಕೆ 19 ಸಲ ಶುರು ಮಾಡಲಾಗಲಿಲ್ಲ, ಜೊತೆಗಾರ ಇದ್ದ ದಿನ ಆಯಿತು, ಇಲ್ಲದ ದಿನ ಆಗಲಿಲ್ಲ’ ಎಂಬುದರಲ್ಲಿ ಅವರಿಗೆ ಹಿಡಿಯಲು ಬೇಕಾದಷ್ಟು ಸಿಗುತ್ತದೆ. ಹಾಳೆಯನ್ನು ಹಿಂದಿನ ರಾತ್ರಿಯೇ ಚಪ್ಪಲಿಯೊಳಗೆ ಮಡಚಿಡಿ.